ಸುಣ್ಣದವನ ಲೆಕ್ಕ

ಏಪ್ರಿಲ್ ಕೊನೆಗೆ ಪುರಸಭೆಯವರು ಹೇಳಿಕಳಿಸುತ್ತಾರೆ.
ಎರಡು ಡ್ರಮ್ಮು ಸುಣ್ಣ, ಒಂದು ಏಣಿ ಅವರದು,
ಕತ್ತಾಳೆ ನಾರಿನ ಕುಂಚ ಮಾತ್ರ ನನ್ನ ಸ್ವಂತದ್ದು.
‘ಬೂಸಲ್ಹಾಮ್, ಜೂನ್ ಹೊತ್ತಿಗೆ ಗೋಡೆ ಬೆಳ್ಳಗಿರಬೇಕು,
ಚಿತ್ರದವರು ಬರ್ತಾರೆ.’
ಹತ್ತೊಂಬತ್ತು ವರ್ಷದಿಂದ ಇದೇ ಮಾತು, ಇದೇ ಏಣಿ.
ಮೂರನೆಯ ಮೆಟ್ಟಿಲೊಂದು ಹೊಸದು.

ಬರುತ್ತಾರೆ ಅವರು:
ಊಜ್ದಾದ ಹುಡುಗಿ, ಸೆನೆಗಲ್ಲಿನ ಕೋಲುಮನುಷ್ಯ,
ಯಾವುದೋ ಚಳಿದೇಶದ ಮುದುಕಿ,
ಮೊದಲ ದಿನವೇ ಬಿಸಿಲಿಗೆ ಮೂಗು ಸುಲಿದುಕೊಂಡವಳು.
ಮೀನಿಗೆ ರೆಕ್ಕೆ ಬರೆಯುತ್ತಾರೆ, ಕತ್ತೆಗೆ ಮೂರು ಕಣ್ಣು.
ಹತ್ತೇ ದಿನ,
ಊರೆಂಬ ಊರು
ಮದರಂಗಿ ಹಚ್ಚಿಕೊಂಡ ಕೈಯನ್ನು
ಕಡಲಿಗೆ ತೋರಿಸುತ್ತ ನಿಂತುಬಿಡುತ್ತದೆ.
ಹೋಟೆಲಿನ ಕಮಾಲ್ ಸಾರ್ಡೀನಿನ ದರ ಏರಿಸುತ್ತಾನೆ.

ಆಮೇಲೆ ಉಪ್ಪುಗಾಳಿಯ ಪಾಳಿ.
ಅಕ್ಟೋಬರಿಗೆ ನೀಲಿ ಉಬ್ಬುತ್ತದೆ,
ಡಿಸೆಂಬರಿಗೆ ಕೆಂಪು ಹಕ್ಕಳೆ ಏಳುತ್ತದೆ.
ಉಳಿದದ್ದು ನನ್ನ ಪಾಲು.

ಮೊದಮೊದಲು ಮುಖಗಳ ಮೇಲೆ ಕೈ ಏಳುತ್ತಿರಲಿಲ್ಲ.
ಈಗ ಪಾದದಿಂದ ಶುರುಮಾಡುತ್ತೇನೆ,
ಕಣ್ಣು ಕೊನೆಗೆ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ
ಎಂದು ಯಾರೂ ನನ್ನನ್ನು ದೂರುವ ಹಾಗಿಲ್ಲ.
ಬೆಣ್ಣೆ ಎಲ್ಲಿದೆ ನನ್ನ ಹತ್ತಿರ?

ಈ ಸಲ ತಾಮೂ ಹೊಸ್ತಿಲಲ್ಲಿ ಕೂತಿದ್ದಳು,
ಮಡಿಲ ತುಂಬ ಹಸಿ ಬಟಾಣಿ.
ಹೋದ ಬೇಸಿಗೆ ಅವಳ ಗೋಡೆಗೆ
ಊಜ್ದಾದ ಹುಡುಗಿ ನೀಲಿ ಹೆಂಗಸೊಬ್ಬಳನ್ನು ಬರೆದಾಗ
ಇದೇ ತಾಮೂ ಬೀದಿ ಒಂದುಮಾಡಿದ್ದಳು:
‘ನನ್ನ ಗೋಡೆಗೆ ಒರಗೋಕೆ ಇವಳು ಯಾರು? ಯಾರ ಮಗಳು?
ಬೆರಳು ನೋಡು! ಒಂದು ದಿನ ಹಿಟ್ಟು ನಾದಿದವಳಲ್ಲ.’
ಈಗ ತಲೆಯೆತ್ತದೆ ಹೇಳಿದಳು:
‘ಚಳಿಗಾಲ ಪೂರ್ತಿ ಜೊತೆಗಿದ್ದಳು.
ಅಗುಳಿ ಹಾಕೋವಾಗ, ಬರ್ತೀನಿ ಕಣೇ, ಅಂತಿದ್ದೆ.
ಎರಡು ದಿನ ಬಿಟ್ಟು ಬಾ.’

ಬಿಟ್ಟು ಹೋದೆ.
‘ಇನ್ನೆರಡು ದಿನ.’
ಪುರಸಭೆಯ ಪುಸ್ತಕದಲ್ಲಿ ಬರೆಸಿದೆ: ಗೋಡೆ ಒದ್ದೆ.
ಎರಡನೆಯ ಸಲವೂ: ಗೋಡೆ ಒದ್ದೆ.
ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. ಹೊರಗೆ ಸುಡುಬಿಸಿಲು.

ಅವಳಿಗೆ ಹೇಳಬೇಕೆಂದಿದ್ದೆ,
ಫೆಬ್ರವರಿಯ ಬಿರುಗಾಳಿಗೆ ಕೋಟೆಮೂಲೆಯಲ್ಲಿ
ಅಂಗೈಯಗಲ ಗಾರೆ ಕಳಚಿಬಿದ್ದದ್ದನ್ನು.
ಎತ್ತಿ ಅಂಚು ನೋಡಿದೆ:
ಹಸಿರು, ಬಿಳಿ, ಕಾವಿ, ಬಿಳಿ, ಯಾರದೋ ತುಟಿಯ ಗುಲಾಬಿ, ಬಿಳಿ,
ಈರುಳ್ಳಿ ಕೊಯ್ದ ಹಾಗೆ.
ಬಿಳಿಯೆಲ್ಲ ನನ್ನದು.
ಒಬ್ಬರನ್ನೂ ಅಳಿಸಿಲ್ಲ ನಾನು, ಹೊದಿಸಿದ್ದೇನೆ.
ಅದಕ್ಕೇ ನಮ್ಮ ಗಲ್ಲಿ ಹೆಬ್ಬೆರಳಷ್ಟು ಕಿರಿದಾಗಿದೆ.
ಸಂಗತಿ ಗೊತ್ತಿರುವುದು ದ್ರಿಸ್‌ನ ಕತ್ತೆಗೊಂದಕ್ಕೇ;
ಬೆನ್ನಿನ ಎರಡೂ ಕಡೆ ಗ್ಯಾಸ್ ಸಿಲಿಂಡರು,
ಆ ತಿರುವಿನಲ್ಲಿ ನಿಂತು, ಯೋಚಿಸಿ,
ಹೊಟ್ಟೆ ಒಳಗೆಳೆದುಕೊಂಡು ದಾಟುತ್ತದೆ.

ಹೇಳಲಿಲ್ಲ. ಹೇಳಲು ಬರಲಿಲ್ಲ.
ಮೇ ಮುಗಿಯುತ್ತ ಬಂದಾಗ ತಾಮೂ ತಾನೇ ಎದ್ದು
ಸೆರಗಿಗೆ ಕೈ ಒರೆಸಿ ಕುಂಚಕ್ಕೆ ಕೈ ಚಾಚಿದಳು.
‘ಮುಖ ನಾನು ಮಾಡ್ತೀನಿ. ಉಳಿದದ್ದು ನಿನ್ನದು.’
ಅರವತ್ತೆಂಟರ ಮುದುಕಿ ಹೊಸ ಮೆಟ್ಟಿಲವರೆಗೆ ಹತ್ತಿದಳು.
ನಾನು ಏಣಿ ಹಿಡಿದೆ.
ಮಗುವಿಗೆ ಎಣ್ಣೆ ಹಚ್ಚುವವಳ ಹಾಗೆ
ಮೊದಲು ಹಣೆ, ಆಮೇಲೆ ಕೆನ್ನೆ.
ಕಿವಿಯ ಹಿಂದೆಯೂ.

ಸುಣ್ಣದ ಗುಣ ಅವಳಿಗೆ ಗೊತ್ತಿರಲಿಲ್ಲ.
ಹಸಿಯಿದ್ದಾಗ ಅದು ಬರೀ ನೀರು,
ಏನನ್ನೂ ಮುಚ್ಚುವುದಿಲ್ಲ;
ಒಣಗುತ್ತ ಒಣಗುತ್ತ ಬಿಳಿಯಾಗುತ್ತದೆ.
‘ಹೋಗಲೇ ಇಲ್ಲವಲ್ಲ ಇವಳು!’ ಎಂದಳು ಗಾಬರಿಯಲ್ಲಿ,
ಆ ಗಾಬರಿಯಲ್ಲಿ ಎಷ್ಟೊಂದು ಖುಷಿ.

ಹೊಸ್ತಿಲಲ್ಲಿ ಕೂತೆವು.
ಬಟಾಣಿ ಸುಲಿಸುಲಿದು ಹಸಿಯೇ ತಿಂದೆವು.
ಗೋಡೆಯ ಮೇಲೆ ಬಿಸಿಲು ಮೇಲಿನಿಂದ ಇಳಿಯುತ್ತ
ಮೊದಲು ಕೂದಲು ಹೋಯಿತು, ಹುಬ್ಬು ಹೋಯಿತು.
ನೀಲಿ ಬೆರಳು ಇನ್ನೂ ನೆರಳಲ್ಲಿತ್ತು.
‘ಬರುವವಳು ದಪ್ಪಗಿರಲಿ’ ಎಂದಳು ತಾಮೂ,
ಸಿಪ್ಪೆಯನ್ನು ದ್ರಿಸ್‌ನ ಕತ್ತೆಗೆ ಎಸೆಯುತ್ತ.